ನಕಲು ಮಾಡಿದ್ದು ನಿಜ

ಮಿಡ್ಲ್ ಸ್ಕೂಲಿನ ಕೊನೆಗೆ ಬರುವ ಲೋಯರ್ ಸೆಕೆಂಡರಿ ಪರೀಕ್ಷೆಯನ್ನು ನಾನು ಎರಡು ಸಲ ಬರೆದೆ. ಮೊದಲನೆಯ ಸಲ ನಕಲು ಮಾಡಿದ್ದಾಳೆಂದು ನನ್ನನ್ನು ಹೊರಗೆ ಹಾಕಿದರು. ಯಾರೂ ಸುಳ್ಳು ದೂರು ಕೊಟ್ಟಿರಲಿಲ್ಲ. ನಕಲು ಮಾಡಿದೆನೆಂದು ನಾನೇ ಒಪ್ಪಿ, ನನ್ನ ಕೈಯಾರೆ ಬರೆದು, ಕೆಳಗೆ ರುಜು ಹಾಕಿ ಕೊಟ್ಟಿದ್ದೆ. ಆಮೇಲೆ ಅದೇ ವಿಷಯಕ್ಕೆ ಅಪ್ಪ ಹಾಸನಕ್ಕೆ ಮೂರು ಸಲ ಓಡಾಡಿದರು, ಅಜ್ಜಿ ಎರಡು ದಿನ ಊಟ ಬಿಟ್ಟಳು, ನನ್ನ ಒಂದು ವರ್ಷ ಹೋಯಿತು. ಆ ದಿನ ನಾನು ಏನು ಮಾಡಿದೆ, ಏನು ಮಾಡಲಿಲ್ಲ ಎಂಬುದು ಈಗಲೂ ನನಗೆ ಪೂರ್ತಿ ಸ್ಪಷ್ಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅರಕಲಗೂಡಿನ ಪೇಟೆ ಬೀದಿಯಲ್ಲಿ ಅಪ್ಪನಿಗೆ ಜವಳಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಮನೆಯಲ್ಲಿದ್ದವರು ಅಪ್ಪ, ಅವ್ವ, ಅಪ್ಪನ ತಾಯಿ ಅಜ್ಜಿ ಮತ್ತು ನಾನು. ಪರದೆಯ ಸಂದಿಯಿಂದ ಗಿರಾಕಿಗಳನ್ನು ನೋಡುವುದು ನನ್ನ ಚಿಕ್ಕಂದಿನ ಕೆಲಸ. ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಸಿ ನೋಡಿ, ‘ಬಣ್ಣ ಓಗಾಕಿಲ್ವಾ ಶೆಟ್ರೇ?’ ಎಂದು ಒಂದೇ ಪ್ರಶ್ನೆಯನ್ನು ಏಳು ಸಲ ಕೇಳುವ ಒಬ್ಬ ಮುದುಕಿ ಇದ್ದಳು. ಹೊಗೆಸೊಪ್ಪಿನ ಹೊಲದಿಂದ ನೇರ ಬಂದು, ಕೈಗೆ ಅಂಟಿದ ಜಿಗುಟು ಬಟ್ಟೆಗೆ ತಾಗದಿರಲೆಂದು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ಗದ್ದದಿಂದಲೇ ‘ಅದ ತೋರ್ಸಿ, ಇದ ತೋರ್ಸಿ’ ಎನ್ನುವ ಗೌಡರೊಬ್ಬರಿದ್ದರು. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ ಹಜಾರದಲ್ಲಿ ಕಾಲು ಚಾಚಿ ಕೂತು, ‘ಎಲ್ಲಿ ಮಗಾ, ಆ ಯಮ್ಮನ ನಕಲು ಮಾಡು’ ಎನ್ನುತ್ತಿದ್ದರು. ನಾನು ಮಾಡುತ್ತಿದ್ದೆ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಅವ್ವನಿಗೆ ಇದು ಹಿಡಿಸುತ್ತಿರಲಿಲ್ಲ. ‘ಇರೀಕರನ್ನ ಅಣಕಿಸ್ಬಾರ್ದು ಕಣೆ, ಬಾಯಿ ಸೊಟ್ಟಗಾಯ್ತದೆ’ ಎನ್ನುತ್ತಿದ್ದಳು. ಅದಕ್ಕೆ ಅಪ್ಪ, ‘ಅಣಕ ಅಂದ್ರೆ ನೋಯಿಸಕ್ಕೆ ಮಾಡೋದು. ಇದು ನಕಲು. ಇವಳೆಲ್ಲಿ ನೋಯಿಸ್ತಾಳೆ?’ ಎಂದು ನನ್ನ ಪರ ವಹಿಸುತ್ತಿದ್ದರು. ಹೀಗೆ ನಕಲು ಎಂಬ ಮಾತು ನನಗೆ ಗೊತ್ತಾದದ್ದು ಅಪ್ಪನ ನಗುವಿನ ಜೊತೆಯಲ್ಲಿ. ಅದಕ್ಕೆ ಇನ್ನೊಂದು ಅರ್ಥವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವುದಕ್ಕೆ ನಮ್ಮ ಶಾಲೆಯಲ್ಲಿ ಕಾಪಿ ಹೊಡೆಯುವುದು ಎನ್ನುತ್ತಿದ್ದೆವು. ಅಕ್ಷರ ದುಂಡಗಾಗಲೆಂದು ದಿನವೂ ಮೇಲಿನ ಸಾಲನ್ನು ನೋಡಿ ಕೆಳಗೆ ಹತ್ತು ಸಲ ಬರೆಯುತ್ತಿದ್ದೆವಲ್ಲ, ಅದಕ್ಕೂ ಕಾಪಿ ಎಂದೇ ಹೆಸರು. ಕಾಪಿ ಬರೆಯದಿದ್ದರೆ ಏಟು, ಕಾಪಿ ಹೊಡೆದರೂ ಏಟು. ಇವೆರಡರ ಮಧ್ಯೆ ಊರಿನ ಹೋಟೆಲಿನಲ್ಲಿ ಕುಡಿಯುವ ಕಾಪಿಯೂ ಹೊಸದಾಗಿ ಬಂದಿತ್ತು.

ನನ್ನ ಜೊತೆ ಒಬ್ಬ ಗೆಳತಿ ಓದುತ್ತಿದ್ದಳು. ಹತ್ತಿರದ ಹಳ್ಳಿಯ ದೊಡ್ಡ ಜಮೀನುದಾರರ ಮಗಳು. ಓದಲೆಂದು ಅರಕಲಗೂಡಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಮೂರು ವರ್ಷ ಒಂದೇ ಮಣೆಯ ಮೇಲೆ ಅಕ್ಕಪಕ್ಕ ಕೂತಿದ್ದೆವು. ಅವಳ ಬುತ್ತಿಯ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಇರುತ್ತಿತ್ತು. ಅದರಲ್ಲಿ ಅರ್ಧ ನನ್ನದು. ಕನ್ನಡ, ಚರಿತ್ರೆ ಎಲ್ಲ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಪರೀಕ್ಷೆಗೆ ಹಾಸನಕ್ಕೆ ಹೋಗಬೇಕಾಗಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಬಸ್ಸುಗಳು ಪೆಟ್ರೋಲಿನಲ್ಲೇ ಓಡುತ್ತಿದ್ದವು. ನಮ್ಮ ಶಾಲೆಯ ಟೀಚರಮ್ಮ ಆರು ಜನ ಹುಡುಗಿಯರನ್ನು ಕರೆದುಕೊಂಡು ಹೊರಟರು. ಹಾಸನದಲ್ಲಿ ಅವರ ಅಕ್ಕನ ಮನೆಯಲ್ಲಿ ಉಳಿದೆವು. ಮೊದಲನೆಯ ದಿನ ಬೆಳಗ್ಗೆ ಲೆಕ್ಕ, ಮಧ್ಯಾಹ್ನ ಕನ್ನಡ. ನನ್ನ ನಂಬರಿನ ಮುಂದಿನ ನಂಬರೇ ಗೆಳತಿಯದು. ಆದ್ದರಿಂದ ಅಲ್ಲಿಯೂ ಅವಳು ನನ್ನ ಪಕ್ಕದಲ್ಲೇ ಕೂತಳು.

ಅಲ್ಲಿದ್ದ ಮೇಲ್ವಿಚಾರಕರು ವಯಸ್ಸಾದ ಒಬ್ಬ ಹೆಡ್‌ಮಾಸ್ಟರು. ಅವರ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಮೇಲೆ ಇರುತ್ತಿತ್ತು. ನಡೆಯುವಾಗ ಆ ಭುಜ ಮುಂದೆ ಹೋಗಿ, ಉಳಿದ ಮೈ ಅದರ ಹಿಂದೆ ಬರುತ್ತಿತ್ತು. ಪ್ರತಿ ಮಾತಿಗೂ ಮುಂಚೆ ಒಂದು ಚಿಟಿಕೆ ನಸ್ಯ ಎಳೆದು, ‘ಏನಪ್ಪಾ ಅಂದರೆ’ ಎನ್ನುತ್ತಿದ್ದರು. ಮೂರು ಗಂಟೆ ಕಾಲ ಅವರು ನನ್ನ ಕಣ್ಣ ಮುಂದೆ ಓಡಾಡಿದರು. ಲೆಕ್ಕಕ್ಕಿಂತ ಹೆಚ್ಚಾಗಿ ಅವರನ್ನೇ ನೋಡಿದೆನೆಂದು ಕಾಣುತ್ತದೆ.

ಊಟದ ಹೊತ್ತಿಗೆ ಎಲ್ಲ ಹುಡುಗಿಯರೂ ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಲೆಕ್ಕ ಕಷ್ಟವಾಗಿತ್ತೆಂದು ಒಬ್ಬಳು ಅಳುತ್ತಿದ್ದಳು. ಅವಳನ್ನು ನಗಿಸಲೆಂದು ನಾನು ಎದ್ದು ಬಲಭುಜವನ್ನು ಎತ್ತಿ, ಸೆರಗಿನ ತುದಿಯನ್ನೇ ನಸ್ಯದ ಡಬ್ಬಿ ಮಾಡಿಕೊಂಡು, ಮರದ ಸುತ್ತ ಮೇಲ್ವಿಚಾರಕರ ಹಾಗೆ ನಡೆದೆ. ‘ಏನಪ್ಪಾ ಅಂದರೆ, ಎಲ್ಲರೂ ಲೇಖನಿ ಕೆಳಗಿಡತಕ್ಕದ್ದು’ ಎಂದೆ. ಅಳುತ್ತಿದ್ದವಳು ಅನ್ನ ನೆತ್ತಿಗೆ ಹತ್ತುವ ಹಾಗೆ ನಕ್ಕಳು. ಇನ್ನೊಂದು ಸುತ್ತು ಬಂದೆ. ಎಲ್ಲರೂ ಥಟ್ಟನೆ ಸುಮ್ಮನಾದರು. ತಿರುಗಿ ನೋಡಿದರೆ ಮೇಲ್ವಿಚಾರಕರು ಜಗಲಿಯ ಮೂಲೆಯಿಂದ ಆಚೆ ಹೋಗುತ್ತಿದ್ದರು. ಬೆನ್ನು ಮಾತ್ರ ಕಂಡಿತು. ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆಯುವುದಕ್ಕೆ ಮುಂಚೆ ಜವಾನ ಬಂದು ನನ್ನ ನಂಬರು ಕೂಗಿ ಕರೆದ. ಆಫೀಸು ಕೋಣೆಯಲ್ಲಿ ಮೇಲ್ವಿಚಾರಕರು ಒಬ್ಬರೇ ಕೂತಿದ್ದರು. ಮೇಜಿನ ಮೇಲೆ ಬೆಳಗಿನ ಉತ್ತರ ಪತ್ರಿಕೆಗಳ ಕಟ್ಟು ಇತ್ತು. ನನ್ನ ಕಣ್ಣು ಆ ಕಡೆ ಹೋಗಲಿಲ್ಲ. ಅವರ ಭುಜವನ್ನು ನೋಡಬಾರದೆಂದು ನೆಲವನ್ನೇ ನೋಡುತ್ತಾ ನಿಂತೆ.

ಅವರು ನಸ್ಯ ಎಳೆದರು. ‘ಏನಪ್ಪಾ ಅಂದರೆ, ಸುತ್ತಿ ಬಳಸಿ ಕೇಳೋದಿಲ್ಲ. ನಕಲು ಮಾಡಿದವಳು ನೀನೇನಮ್ಮ?’

‘ಹೌದು ಸಾರ್, ತಪ್ಪಾಯ್ತು.’

ನಾನು ಅಷ್ಟು ಬೇಗ ಒಪ್ಪುತ್ತೇನೆಂದು ಅವರು ಎಣಿಸಿರಲಿಲ್ಲವೆಂದು ಕಾಣುತ್ತದೆ.

‘ನೀನೊಬ್ಬಳೇಯೋ, ಜೊತೆಗೆ ಇನ್ನಾರಾದರೂ ಇದ್ದಾರೋ?’

ಮರದ ಕೆಳಗೆ ನಕ್ಕವರೆಲ್ಲ ನೆನಪಾದರು. ಅವರೇಕೆ ಸಿಕ್ಕಿಬೀಳಬೇಕು ಎನಿಸಿತು. ‘ನಾನೊಬ್ಬಳೇ ಸಾರ್. ಬೇರೆಯವರದೇನೂ ಇಲ್ಲ.’

‘ಇದೇ ಮೊದಲೋ?’

ಸುಳ್ಳು ಹೇಳಿದರೆ ಇನ್ನೂ ಕೆಡುತ್ತದೆಂದು, ‘ಇಲ್ಲ ಸಾರ್. ಮೊದಲಿಂದಲೂ ಅಭ್ಯಾಸ’ ಎಂದೆ.

‘ಮನೆಯಲ್ಲಿ ಹೇಳೋರು ಕೇಳೋರು ಇಲ್ಲವೇನಮ್ಮ?’

‘ಅಪ್ಪನೇ ಮಾಡು ಅಂತಾರೆ ಸಾರ್.’

ಅವರು ತಲೆಯ ಮೇಲಿದ್ದ ರುಮಾಲು ತೆಗೆದು ಮೇಜಿನ ಮೇಲಿಟ್ಟರು. ಒಂದು ಹಾಳೆ ಕೊಟ್ಟು ಬರೆಯಲು ಹೇಳಿದರು. ‘ನಾನು ನಕಲು ಮಾಡಿದ್ದು ನಿಜ. ಮೊದಲಿಂದಲೂ ಅಭ್ಯಾಸವಿದೆ. ಬೇರೆ ಯಾರೂ ಇಲ್ಲ. ಇನ್ನು ಮುಂದೆ ಮಾಡುವುದಿಲ್ಲ’ ಎಂದು ಬರೆದು ರುಜು ಹಾಕಿದೆ. ಉಳಿದ ಪರೀಕ್ಷೆಗೆ ಕೂರಬೇಕಾಗಿಲ್ಲ, ಊರಿಗೆ ಹೋಗಬಹುದು ಎಂದರು. ಒಬ್ಬರ ಹಾಗೆ ನಡೆದು ತೋರಿಸಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನನಗೆ ದಿಗ್ಭ್ರಮೆಯಾಯಿತು. ಆದರೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಮರುದಿನ ಟೀಚರಮ್ಮ ಅಪ್ಪನಿಗೆ ಒಂದು ಕಾಗದ ಬರೆದು ಕೊಟ್ಟು, ಅರಕಲಗೂಡಿಗೆ ಹೊರಟಿದ್ದ ಪರಿಚಯದವರ ಜೊತೆ ನನ್ನನ್ನು ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದ ಮೇಲೆ ಅಪ್ಪ ಹಜಾರದಲ್ಲಿ ನಿಂತುಕೊಂಡೇ ಕಾಗದವನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ, ‘ತಮ್ಮ ಮಗಳು ಪರೀಕ್ಷೆಯಲ್ಲಿ ಕಾಪಿ ಹೊಡೆದಿರುವುದಾಗಿ ಒಪ್ಪಿಕೊಂಡಿರುತ್ತಾಳೆ’ ಎಂದಿತ್ತು.

ಅಜ್ಜಿ ಒರಳಿನ ಮುಂದಿನಿಂದ ಎದ್ದು ಬಂದಳು. ‘ಓಟ್ಲಿಗೆ ಓಗಿದ್ಲಾ? ಎಣ್ಣುಡ್ಗಿ ಓಟ್ಲಲ್ಲಿ ಕೂತ್ಕಂಡು ಕಾಪಿ ಕುಡುದ್ಲಾ? ಶಿವನೇ!’

‘ಕುಡಿಯೋ ಕಾಪಿ ಅಲ್ಲ ಕಣವ್ವ’ ಎಂದರು ಅಪ್ಪ.

‘ಕುಡೀದೇ ಏನ್ಮಾಡ್ತಾರೆ ಅದ್ನ? ನಾನು ಆವತ್ತೇ ಬಡ್ಕಂಡೆ, ಹಾಸನಕ್ಕೆ ಕಳಿಸ್ಬ್ಯಾಡ ಅಂತ.’

ಅವಳಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಅವಳು ಊಟ ಬಿಟ್ಟದ್ದು ಆ ಹೋಟೆಲಿನ ಕಾಪಿಗಾಗಿಯೇ. ನನಗಾದರೋ ಕಾಗದ ಕೇಳಿ ತಲೆ ತಿರುಗಿತು. ‘ಅಪ್ಪ, ನಾನು ಕಾಪಿ ಹೊಡೀಲಿಲ್ಲ’ ಎಂದೆ.

‘ನೀನೇ ಒಪ್ಪಿದ್ದೀಯ ಅಂತ ಬರ್ದವ್ರಲ್ಲ?’

‘ಕಾಪಿ ಅಂತ ಒಪ್ಪಲಿಲ್ಲ. ನಕಲು ಅಂತ ಒಪ್ಪಿದೆ.’

‘ಎರಡೂ ಒಂದೇ ಅಲ್ವೇನವ್ವಾ?’

‘ಹೆಂಗೆ ಒಂದೇ? ನೀವೇ ದಿನಾ ನಕಲು ಮಾಡು ಅಂತೀರಲ್ಲ.’

ಅಪ್ಪ ನನ್ನ ಮುಖವನ್ನೇ ನೋಡುತ್ತಾ ಕೂತರು. ಆಮೇಲೆ ನಿಧಾನವಾಗಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಹೊಂಗೆ ಮರ, ನಸ್ಯದ ಡಬ್ಬಿ, ಆಫೀಸು ಕೋಣೆ, ಒಂದನ್ನೂ ಬಿಡದೆ ಹೇಳಿದೆ. ಅವರಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಅವ್ವ ಮಾತ್ರ, ‘ಈಗೇನು, ನೋಡಿ ಬರುದ್ಲು ಅಂತಲೇ ಇರ್ಲಿ ಬುಡಿ. ವಯಸ್ಸಾದ ಮೇಷ್ಟ್ರನ್ನ ಅಣಕಿಸಿದ್ಲು ಅಂತ ಊರಿಗೆಲ್ಲಾ ಗೊತ್ತಾದ್ರೆ ಇವಳನ್ನ ಯಾರು ಮದ್ವೆ ಆಗ್ತಾರೆ?’ ಎಂದಳು. ಎರಡರಲ್ಲಿ ಯಾವ ಅವಮಾನ ವಾಸಿ ಎಂದು ಅವರಿಬ್ಬರೂ ಒಂದು ವಾರ ಮಾತಾಡಿಕೊಂಡರು. ಕೊನೆಗೆ ಅಪ್ಪ, ಅರ್ಜಿ ಕೊಡಬೇಕು, ಅದಕ್ಕೆ ಮುಂಚೆ ಮಗಳು ಏನು ಬರೆದುಕೊಟ್ಟಿದ್ದಾಳೆ ನೋಡಬೇಕು ಎಂದು ನನ್ನನ್ನೂ ಕರೆದುಕೊಂಡು ಹಾಸನಕ್ಕೆ ಹೊರಟರು.

ವಿದ್ಯಾ ಇಲಾಖೆಯ ಆಫೀಸಿನಲ್ಲಿದ್ದ ಗುಮಾಸ್ತರು ಸಜ್ಜನರು. ‘ಅಸಲು ಕೊಡೋಕಾಗಲ್ಲ ಶೆಟ್ರೇ. ಬೇಕಾದ್ರೆ ಅದರ ನಕಲು ಮಾಡಿ ಕೊಡ್ತೀವಿ’ ಎಂದರು.

ಅಪ್ಪ ಅವರನ್ನು ದುರುಗುಟ್ಟಿ ನೋಡಿದರು. ‘ಏನ್ ಸ್ವಾಮಿ, ನಕಲು ಮಾಡಿದ್ಲು ಅಂತ ನನ್ನ ಮಗಳನ್ನ ಆಚೆ ಆಕಿದ್ದೀರಿ. ಈಗ ನೀವೇ ನಕಲು ಮಾಡಿ ಕೊಡ್ತೀನಿ ಅಂತೀರಲ್ಲ?’

‘ನಮ್ಮದು ಸರ್ಕಾರಿ ನಕಲು. ಸೀಲು ಇರುತ್ತೆ’ ಎಂದರು ಅವರು, ಸ್ವಲ್ಪ ನೊಂದುಕೊಂಡು.

ನಕಲು ಸಿಗುವುದಕ್ಕೆ ಮಧ್ಯಾಹ್ನವಾಗುತ್ತದೆಂದರು. ಹೊರಗೆ ಮರದ ಕೆಳಗೆ ಅರ್ಜಿ ಬರೆದುಕೊಡುವ ಒಬ್ಬ ವೃದ್ಧ ಸಾಹೇಬರು ಚಾಪೆ ಹಾಸಿಕೊಂಡು ಕೂತಿದ್ದರು. ಹಿಂದೆ ಯಾವುದೋ ಶಾಲೆಯಲ್ಲಿ ಪಾರ್ಸಿ ಭಾಷೆ ಕಲಿಸುತ್ತಿದ್ದರಂತೆ. ಅಪ್ಪ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿ, ‘ಈ ನಕಲು ಅನ್ನೋದು ಏನು ಸಾಹೇಬ್ರೇ? ನನಗೇ ತಲೆ ಕೆಟ್ಟೋಗದೆ’ ಎಂದರು.

ಸಾಹೇಬರು ಕನ್ನಡಕ ತೆಗೆದರು. ‘ಇದು ನಿಮ್ಮ ಮಾತೂ ಅಲ್ಲ, ನಮ್ಮ ಮಾತೂ ಅಲ್ಲ. ಅರಬ್ಬರ ಮಾತು. ನಕಲ್ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು. ಒಂಟೆ ಮೇಲೆ ಹೊರೆ ಹೇರಿ ಈ ಊರಿಂದ ಆ ಊರಿಗೆ ಒಯ್ತಾರಲ್ಲ, ಅದು ನಕಲ್. ಆಮೇಲೆ ಈ ಕಾಗದದಲ್ಲಿ ಇರೋದನ್ನ ಆ ಕಾಗದಕ್ಕೆ ಸಾಗಿಸಿದರು, ಅದೂ ನಕಲ್ ಆಯ್ತು. ಒಬ್ಬರ ಬಾಯಲ್ಲಿ ಕೇಳಿದ ಕಥೆ, ಕಿಸ್ಸೆಯನ್ನ ಇನ್ನೊಬ್ಬರಿಗೆ ಹೇಳಿದರೆ ಅದೂ ನಕಲ್. ಪಾರ್ಸಿ ಮಾತಾಡೋವರ ಕಡೆ ಕಿಸ್ಸೆ ಹೇಳೋವನಿಗೆ ನಕ್ಕಾಲ್ ಅಂತಲೇ ಹೆಸರು. ಇನ್ನೊಬ್ಬರ ನಡಿಗೆಯನ್ನ ತನ್ನ ಕಾಲಿಗೆ ತಂದುಕೊಂಡರೆ ಅದೂ ನಕಲ್. ಎಲ್ಲಾ ಒಂದೇ ಹೊರೆ, ಒಂಟೆ ಮಾತ್ರ ಬೇರೆ ಬೇರೆ.’

‘ಅಂಗಾದ್ರೆ ಖೋಟಾ ಮಾಲಿಗೆ ನಕಲಿ ಅಂತಾರಲ್ಲ?’

‘ಸಾಗಿಸೋವಾಗ ಯಾರೋ ಮೋಸ ಮಾಡಿರಬೇಕು’ ಎಂದು ಸಾಹೇಬರು ನಕ್ಕರು.

‘ಇದ್ರಲ್ಲಿ ತಪ್ಪು ಯಾವ್ದು?’

‘ಕೇಳೋವರು ಯಾವುದನ್ನ ತಪ್ಪು ಅಂದುಕೊಂಡು ಕೇಳ್ತಾರೋ ಅದು ತಪ್ಪು ಶೆಟ್ರೇ.’

ಅಪ್ಪನಿಗೆ ಇದರಿಂದ ಸಮಾಧಾನವಾಯಿತೋ ಗೊಂದಲ ಹೆಚ್ಚಿತೋ ತಿಳಿಯದು. ಮಧ್ಯಾಹ್ನ ನಕಲು ಕೈಗೆ ಬಂತು. ಕೊನೆಯಲ್ಲಿ ‘ಅಸಲಿಗೆ ಸರಿಯಾದ ನಕಲು’ ಎಂದು ಬರೆದು ಸೀಲು ಒತ್ತಿದ್ದರು. ನಾನು ಬರೆದುಕೊಟ್ಟ ನಾಲ್ಕು ವಾಕ್ಯದ ಮೇಲೆ ಮೇಲ್ವಿಚಾರಕರ ಒಂದು ಟಿಪ್ಪಣಿ ಇತ್ತು. ಅದನ್ನು ನಾನು ಮೊದಲ ಸಲ ಓದಿದ್ದು ಆಗ. ಲೆಕ್ಕದ ಪತ್ರಿಕೆಯ ಐದನೆಯ ಪ್ರಶ್ನೆಗೆ ಅಕ್ಕಪಕ್ಕದ ಎರಡು ನಂಬರಿನವರು ‘ಹನ್ನೊಂದೂ ಮುಕ್ಕಾಲು ಎತ್ತು’ ಎಂದು ಒಂದೇ ಅಸಂಬದ್ಧ ಉತ್ತರವನ್ನು ಬರೆದಿರುವರು; ವಿಚಾರಿಸಲಾಗಿ ಒಬ್ಬ ಅಭ್ಯರ್ಥಿಯು ತಾನೇ ನಕಲು ಮಾಡಿದ್ದಾಗಿಯೂ, ಇದಕ್ಕೆ ತನ್ನ ತಂದೆಯ ಪ್ರೋತ್ಸಾಹವಿರುವುದಾಗಿಯೂ ಒಪ್ಪಿರುವಳು. ಹೀಗಿತ್ತು ಟಿಪ್ಪಣಿ.

ಅಪ್ಪ ‘ಪ್ರೋತ್ಸಾಹ’ ಎಂಬಲ್ಲಿಗೆ ಬಂದು ನಿಂತುಬಿಟ್ಟರು. ನಾನು ‘ಎತ್ತು’ ಎಂಬಲ್ಲೇ ನಿಂತುಬಿಟ್ಟಿದ್ದೆ. ಹೊಲ ಉಳುವ ಎತ್ತಿನ ಲೆಕ್ಕ ಅದು. ಭಾಗಿಸುವಾಗ ಎಲ್ಲೋ ತಪ್ಪಿ ಮುಕ್ಕಾಲು ಉಳಿದಿತ್ತು. ಹೊತ್ತಾಯಿತೆಂದು ಹಾಗೇ ಬರೆದುಬಿಟ್ಟಿದ್ದೆ. ಆ ತಪ್ಪು ನನ್ನದೇ, ಅದರಲ್ಲಿ ಸಂಶಯವಿರಲಿಲ್ಲ. ಇನ್ನೊಬ್ಬಳಿಗೆ ಅದು ಹೇಗೆ ಬಂತು?

‘ಇನ್ನೊಂದು ನಂಬರು ಯಾರದವ್ವಾ?’ ಎಂದು ಅಪ್ಪ ಕೇಳಿದರು.

ನನ್ನ ಮುಂದಿನ ನಂಬರು ಯಾರದೆಂದು ನನಗೆ ಗೊತ್ತಿಲ್ಲವೇ? ‘ಗೊತ್ತಿಲ್ಲ ಅಪ್ಪ’ ಎಂದೆ. ಯಾಕೆ ಹಾಗೆಂದೆನೋ ಹೇಳಲಾರೆ. ಸ್ನೇಹವೂ ಇರಬಹುದು. ಇನ್ನೂ ಒಂದು ಸಲ ಎಲ್ಲವನ್ನೂ ವಿವರಿಸುವ ಶಕ್ತಿ ಇರಲಿಲ್ಲ ಎಂಬುದೂ ನಿಜ. ಅವಳ ಮೇಲೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ನಾನೇ ಅವಳಿಗೆ ಕಾಣುವ ಹಾಗೆ ಹಾಳೆ ಇಟ್ಟಿದ್ದೆನೋ ಏನೋ ಎಂಬ ಅನುಮಾನ ಮಾತ್ರ ಬಂತು. ಎಷ್ಟು ನೆನೆಸಿಕೊಂಡರೂ ಆ ಹೊತ್ತಿನಲ್ಲಿ ಕಾಣುವುದು ಮೇಲ್ವಿಚಾರಕರ ಭುಜ ಒಂದೇ.

ಸಾಹೇಬರು ನಡೆದದ್ದನ್ನೆಲ್ಲ ಸೇರಿಸಿ ಚೆನ್ನಾದ ಅರ್ಜಿ ಬರೆದುಕೊಟ್ಟರು. ಎರಡು ತಿಂಗಳಾದ ಮೇಲೆ ಉತ್ತರ ಬಂತು. ಅಭ್ಯರ್ಥಿಯು ಸ್ವಂತ ಹಸ್ತಾಕ್ಷರದಲ್ಲಿ ಒಪ್ಪಿರುವುದರಿಂದ ಮರುವಿಚಾರಣೆಗೆ ಕಾರಣ ಕಾಣುವುದಿಲ್ಲ ಎಂದಿತ್ತು. ಅಷ್ಟರಲ್ಲಿ ಫಲಿತಾಂಶವೂ ಬಂದು ಗೆಳತಿ ಪಾಸಾಗಿದ್ದಳು. ಅವಳು ನಮ್ಮ ಬೀದಿಯ ಕಡೆ ಬರಲಿಲ್ಲ. ಬೇಸಿಗೆಗೆ ತನ್ನ ಹಳ್ಳಿಗೆ ಹೋದವಳು ತಿರುಗಿ ಅರಕಲಗೂಡಿಗೆ ಬರಲೇ ಇಲ್ಲ. ಚನ್ನರಾಯಪಟ್ಟಣದ ಕಡೆ, ಬಾಗೂರಿನಲ್ಲಿ, ಓದಿದ ಹುಡುಗಿಯೇ ಬೇಕೆಂದು ಕಾದಿದ್ದ ಮನೆಗೆ ಅವಳನ್ನು ಕೊಟ್ಟರೆಂದು ಅವಳ ಸೋದರತ್ತೆಯಿಂದ ತಿಳಿಯಿತು.

ಮಾರನೆಯ ವರ್ಷ ನಾನು ಮತ್ತೆ ಪರೀಕ್ಷೆಗೆ ಕೂತೆ. ಅದೇ ಶಾಲೆ, ಅದೇ ಮೇಲ್ವಿಚಾರಕರು. ನನ್ನನ್ನು ಮಾತ್ರ ಎಲ್ಲರಿಂದ ದೂರ, ಗೋಡೆಯ ಪಕ್ಕ ಕೂರಿಸಿದ್ದರು. ಕೊನೆಯ ದಿನ ಪತ್ರಿಕೆ ಕೊಟ್ಟು ಹೊರಡುವಾಗ ಅವರು ಕರೆದರು.

‘ಏನಪ್ಪಾ ಅಂದರೆ, ಹೋದ ವರ್ಷ ನೀನು ಮಾಡಿದ್ದು ನನ್ನ ನಕಲು ಅಂತ ನಿಮ್ಮ ತಂದೆ ಅರ್ಜಿ ಕೊಟ್ಟಿದ್ದರಂತೆ?’

‘ಹೌದು ಸಾರ್.’

‘ಎಲ್ಲಿ, ಮಾಡಿ ತೋರಿಸು.’

ಇದೊಂದೇ ಅವಕಾಶ, ಸರಿಯಾಗಿ ಮಾಡಿದರೆ ನಿಜ ಅವರಿಗೆ ತಿಳಿಯುತ್ತದೆ ಎಂದುಕೊಂಡು ಬಲಭುಜ ಎತ್ತಿದೆ. ನಸ್ಯ ಎಳೆದೆ. ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ‘ಏನಪ್ಪಾ ಅಂದರೆ’ ಎಂದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿರಲಿಲ್ಲ.

ಅವರು ಒಂದು ಚೂರೂ ನಗದೆ ಪೂರ್ತಿ ನೋಡಿದರು. ‘ಇದು ನಾನಲ್ಲ’ ಎಂದರು. ‘ನಾನು ಹೀಗೆ ನಡೆಯೋದಿಲ್ಲ.’ ಆಮೇಲೆ ನಸ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಭುಜ ಮುಂದಾಗಿ, ಹೊರಟುಹೋದರು. ಅರ್ಜಿ ಸುಳ್ಳೆಂದು ಅವರಿಗೆ ಖಾತ್ರಿಯಾಯಿತೆಂದು ಕಾಣುತ್ತದೆ.

ಆ ವರ್ಷ ಪಾಸಾದೆ. ಹಾಸನದಲ್ಲಿ ಟ್ರೈನಿಂಗ್ ಮುಗಿಸಿ ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಹೋದೆ. ಮದುವೆಯಾಗುವುದಿಲ್ಲವೆಂಬ ಅವ್ವನ ಹೆದರಿಕೆ ಸುಳ್ಳಾಯಿತು. ನನ್ನನ್ನು ಮದುವೆಯಾದವರೂ ಮೇಷ್ಟ್ರೇ. ಹಳೆಯ ಕಥೆಯನ್ನು ಅವರಿಗೆ ಮೊದಲೇ ಹೇಳಿದ್ದೆ. ಕೇಳಿ, ‘ಹಾಗಾದರೆ ನೀನು ಕಾಪಿ ಹೊಡೆದೆಯೋ ಇಲ್ಲವೋ?’ ಎಂದರು. ಇಲ್ಲವೆಂದೆ. ಅವರು ನಂಬಿದರೆಂದೇ ತಿಳಿದಿದ್ದೇನೆ.

ಯುದ್ಧದ ಕಾಲವೆಲ್ಲ ಹೊಳೆನರಸೀಪುರದಲ್ಲೇ ಕಳೆಯಿತು. ಪೆಟ್ರೋಲು ಸಿಗದೆ ಇದ್ದಿಲ ಬಸ್ಸುಗಳು ಓಡುತ್ತಿದ್ದ ಕಾಲ, ಬರೆಯುವ ಕಾಗದಕ್ಕೂ ತತ್ವಾರ. ಯುದ್ಧ ಮುಗಿದ ಮೇಲೆ ನಮ್ಮಿಬ್ಬರಿಗೂ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅಲ್ಲಿಗೆ ಹೋಗಿ ತಿಂಗಳಾಗಿತ್ತು. ಒಂದು ಭಾನುವಾರ ಬೆಳಗ್ಗೆ ಮನೆ ಮುಂದೆ ಕಮಾನು ಗಾಡಿ ನಿಂತಿತು. ಏಳೆಂಟು ವರ್ಷದ ಮಗಳ ಕೈ ಹಿಡಿದುಕೊಂಡು ಇಳಿದವಳು ನನ್ನ ಗೆಳತಿ. ಮೈ ತುಂಬಿಕೊಂಡಿದ್ದಳು. ಗಾಡಿಯಿಂದ ಒಂದು ಮೂಟೆ ರಾಗಿ, ಅವರೆಕಾಯಿ, ಬೆಲ್ಲದ ಅಚ್ಚು ಎಲ್ಲ ಇಳಿಸಿದರು. ನಾನು ಏನಾದರೂ ಹೇಳುವ ಮುಂಚೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು.

‘ಬಂದಿದ್ದೀಯ ಅಂತ ನಮ್ಮೂರೋಳು, ನಿಮ್ಮ ಸ್ಕೂಲಿನ ಆಯಾ ಏಳುದ್ಲು ಕಣೆ. ಒಂದ್ ಗಳಿಗೆ ನಿಲ್ಲಕ್ಕಾಗ್ಲಿಲ್ಲ, ಬಂದ್ಬುಟ್ಟೆ. ಯಾವ ಮಕ ಒತ್ಕಂಡು ಬರ್ಲಿ ಅಂತ ಇಷ್ಟು ವರ್ಷ ಸುಮ್ಕಿದ್ದೆ.’

‘ಯಾಕೆ, ಏನಾಯ್ತು?’

‘ಏನಾಯ್ತು ಅಂತ ಕೇಳ್ತೀಯಲ್ಲ! ನೋಡಿ ಬರ್ದವಳು ನಾನು. ತಪ್ಪು ತಲೆ ಮ್ಯಾಲೆ ಆಕ್ಕಂಡೋಳು ನೀನು. ನನ್ನ ಎಸ್ರು ಏಳ್ದೆ ನಾನೊಬ್ಳೇ ಅಂದ್ಯಂತೆ. ಟೀಚರಮ್ಮ ಏಳಿದ್ರು. ಆವತ್ತು ನಾನು ಸಿಕ್ಕಾಕ್ಕಂಡಿದ್ರೆ ನಮ್ಮಪ್ಪ ಓದು ಬುಡಿಸಿ ಯಾವನಿಗೋ ಕಟ್ಬುಡೋನು.’

ಎಂಟೊಂಬತ್ತು ವರ್ಷ ಇವಳು ನನ್ನನ್ನು ಹೀಗೆ ತಿಳಿದುಕೊಂಡಿದ್ದಳೇ? ಕೂರಿಸಿ, ಮಜ್ಜಿಗೆ ಕೊಟ್ಟು, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಹೊಂಗೆ ಮರದ ಕೆಳಗೆ ನಾನು ಮಾಡಿದ ನಕಲನ್ನು ಅವಳೂ ನೋಡಿದ್ದಳಲ್ಲ? ಮೇಲ್ವಿಚಾರಕರು ಕೇಳಿದ್ದು ಅದನ್ನೇ ಎಂದು ತಿಳಿದು ಒಪ್ಪಿದೆ, ನೀನು ನೋಡಿ ಬರೆದದ್ದು ನನಗೆ ಆಗ ಗೊತ್ತೇ ಇರಲಿಲ್ಲ ಎಂದೆ.

ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ‘ನೀನು ಯಾವಾಗ್ಲೂ ಇಂಗೇ ಕಣೆ. ಮಾಡಿದ್ದನ್ನ ಮಾಡ್ದೆ ಅಂತ ಒಪ್ಕಳೋ ಸ್ವಭಾವವೇ ಇಲ್ಲ ನಿಂಗೆ.’

‘ಅಲ್ಲ ಕಣೆ, ನಿಜ ಹೇಳ್ತಿದ್ದೀನಿ.’

‘ಅಂಗಾದ್ರೆ ಆಮ್ಯಾಕಾದ್ರೂ ಗೊತ್ತಾಯ್ತಲ್ಲ? ಆಗ್ಲೂ ಯಾಕೆ ಏಳ್ಲಿಲ್ಲ? ನಿಮ್ಮಪ್ಪ ಅರ್ಜಿ ಕೊಟ್ರಲ್ಲ, ಅದ್ರಲ್ಲಿ ನನ್ನ ಎಸ್ರು ಯಾಕೆ ಬರ್ಸ್ಲಿಲ್ಲ?’

ನಾನು ಖಾಲಿಯಾದ ಮಜ್ಜಿಗೆ ಲೋಟ ತುಂಬಿಸಲು ಎದ್ದೆ. ಅದನ್ನು ನೋಡಿ ಅವಳು, ‘ನೋಡ್ದಾ?’ ಎಂದಳು. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ, ‘ಮುಕ್ಕಾಲು ಎತ್ತು ಎಲ್ಲಾರ ಉಂಟಾ ಅಂತ ಬರೆಯುವಾಗ್ಲೇ ಅನ್ನುಸ್ತು ಕಣೆ. ನಮ್ಮಟ್ಟೀಲೇ ಆರು ಜೊತೆ ಎತ್ತವೆ. ಆದ್ರೆ ನೀನು ಬರ್ದಿದ್ದೀಯ, ನಿಂಗೆ ಲೆಕ್ಕ ಚೆಂದಾಗಿ ಬತ್ತದೆ, ಸರಿಯಾಗೇ ಇರ್ಬೇಕು ಅನ್ಕಂಡೆ. ನೀನೂ ಆಳೆ ಸರಿಸಿದ್ಯಲ್ಲ’ ಎಂದಳು.

‘ನಾನು ಹಾಳೆ ಸರಿಸಿದೆನಾ?’

‘ಊಂ ಮತ್ತೆ. ಮೊಣಕೈ ತಗ್ದು ಇತ್ಲಾಗೆ ಸರುಸ್ದೆ. ಇಲ್ದಿದ್ರೆ ನಂಗೆಂಗೆ ಕಾಣ್ಸೋದು?’

ನನಗೆ ನೆನಪಿರಲಿಲ್ಲ. ಮೇಲ್ವಿಚಾರಕರನ್ನು ನೋಡಲೆಂದು ಪಕ್ಕಕ್ಕೆ ವಾಲಿದಾಗ ಹಾಳೆ ಸರಿದಿರಬಹುದು. ಅವಳು ಬೆವರುತ್ತಾ ಕೂತದ್ದನ್ನು ಕಂಡು ನಾನೇ ಸರಿಸಿರಲೂಬಹುದು. ಇವಳು ಹೇಳುವುದನ್ನು ಕೇಳುತ್ತಾ ಕೇಳುತ್ತಾ, ನನ್ನ ಮೊಣಕೈ ಸರಿದದ್ದು ನನಗೂ ಕಾಣಿಸಿದಂತಾಯಿತು. ಅದು ನನ್ನ ನೆನಪೋ, ಅವಳದು ನನ್ನೊಳಕ್ಕೆ ಬಂದು ಕೂತದ್ದೋ ಹೇಳುವುದಕ್ಕಾಗಲಿಲ್ಲ.

ಸಂಜೆಯವರೆಗೆ ಇದ್ದು ಹೊರಟಳು. ಅವಳ ಮಗಳು ಗಾಡಿ ಹತ್ತುವ ಮುಂಚೆ ನನ್ನ ಕಾಲಿಗೆ ನಮಸ್ಕಾರ ಮಾಡಿತು. ಮಾಡು ಎಂದು ಯಾರೂ ಹೇಳಿರಲಿಲ್ಲ. ಆ ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ‘ಒಳ್ಳೇದೇ ಆಯ್ತಲ್ಲ’ ಎಂದು ಅವರು ಅವರೆಕಾಯಿ ಸುಲಿಯಲು ಕೂತರು.

ಮೂರು ತಿಂಗಳಾದ ಮೇಲೆ ಗೆಳತಿಯ ಮನೆಯಲ್ಲಿ ಏನೋ ಶುಭಕಾರ್ಯವೆಂದು ಬಾಗೂರಿಗೆ ಕರೆ ಬಂತು. ಇಬ್ಬರೂ ಹೋದೆವು. ಗೆಳತಿಯ ಅತ್ತೆ ದೊಡ್ಡ ಮನೆತನದ ಯಜಮಾನಿ, ಗಟ್ಟಿ ದನಿ. ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ನಡುಮನೆಯಲ್ಲಿ ಕೂತಿದ್ದ ಹೆಂಗಸರಿಗೆಲ್ಲ, ‘ಇವ್ರೇ ಕಣ್ರವ್ವಾ, ನಮ್ಮ ಸೊಸೆಗೋಸ್ಕರ ಒಂದು ವರ್ಷ ಕಳ್ಕಂಡೋರು’ ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ‘ಹಾಗೇನೂ ಇಲ್ಲ ಅಮ್ಮ, ಅದು ನಡೆದದ್ದೇ ಬೇರೆ’ ಎಂದು ಶುರುಮಾಡಿದೆ.

‘ನೋಡಿ ನೋಡಿ, ಇಂಗೇ ಅಂತಾರೆ ಅಂತ ನಮ್ಮ ಸೊಸೆ ಮೊದ್ಲೇ ಏಳಿದ್ಲು’ ಎಂದು ಅತ್ತೆ ಹೆಮ್ಮೆಯಿಂದ ನಕ್ಕಳು. ಒಬ್ಬಳು ಮುದುಕಿ ಎದ್ದು ಬಂದು ನನ್ನ ಗದ್ದ ಮುಟ್ಟಿ ನೆಟಿಗೆ ತೆಗೆದಳು. ಗೆಳತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಶುರುಮಾಡಿದ್ದನ್ನು ಅಲ್ಲಿಗೇ ಬಿಟ್ಟೆ. ಅಷ್ಟರಲ್ಲಿ ಎಲೆ ಹಾಕಿದ್ದೇವೆಂದು ಕರೆದರು. ಎದ್ದು ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ಕೂತೆ. ಗೆಳತಿ ತಾನೇ ಬಂದು ಒಬ್ಬಟ್ಟು ಬಡಿಸಿ, ಸಾಕೆಂದರೂ ಬಿಡದೆ ಮೇಲೆ ತುಪ್ಪ ಹಾಕಿದಳು.